ಅತ್ತೆಯ ಸಂಕಷ್ಟಿಗೆ ನನ್ನ ಟೆಲಿಸ್ಕೋಪು

ಈ ಸಲದ ಸಂಕಷ್ಟಿಗೆ ಚಂದ್ರನನ್ನು ಕಿವಿ ಹಿಡಿದು ಎಳೆತಂದು ಅತ್ತೆಯ ಮುಂದೆ ನಿಲ್ಲಿಸದಿದ್ದರೆ ನನ್ನ ಹೆಸರು ಮಯೂರಿಯೇ ಅಲ್ಲ ಎಂದು ನಾನು ಸಾರಿದ್ದು ಒಂದು ಭಾನುವಾರ ಬೆಳಿಗ್ಗೆ, ನಾಲ್ಕನೇ ದೋಸೆ ಮುಗಿಸಿದ ಮೇಲೆ. ಹೊಟ್ಟೆ ತುಂಬಿದಾಗ ನಾನು ಮಾಡುವ ಪ್ರತಿಜ್ಞೆಗಳು ಭೀಷಣವಾಗಿಯೇ ಇರುತ್ತವೆ.

"ಹೊಸ ಹೆಸರು ಏನಂತ ಈಗಲೇ ಯೋಚನೆ ಮಾಡಿಟ್ಕೋ. ಪಾಸ್‌ಪೋರ್ಟ್ ಬದಲಾಯಿಸೋಕೆ ತುಂಬಾ ಟೈಮ್ ಹಿಡಿಯತ್ತೆ" ಎಂದರು ನನ್ನ ಯಜಮಾನರು ಭುವನ್, ತಟ್ಟೆಯಿಂದ ತಲೆ ಎತ್ತದೆ.

ವಿಷಯ ಏನೆಂದರೆ, ನನ್ನ ಅತ್ತೆ ಸೀತಾಲಕ್ಷ್ಮಿಯವರು ಪರದೇಶದ ಪೆಟಾಲಿಂಗ್ ಜಯಾ ಎಂಬ ಊರಿನ ನಮ್ಮ ಮನೆಯಲ್ಲಿ ಆರು ತಿಂಗಳು ಇರಲೆಂದು ಮೈಸೂರಿನಿಂದ ಬಂದಿದ್ದರು. ಬರುವಾಗ ಮೂರು ಕೆಜಿ ಸಾರಿನ ಪುಡಿ, ಒಂದು ಗೋಡೆ ಕ್ಯಾಲೆಂಡರು ಮತ್ತು ನಲವತ್ತು ವರ್ಷಗಳಿಂದ ಒಮ್ಮೆಯೂ ತಪ್ಪಿಸದ ಸಂಕಷ್ಟಿ ವ್ರತವನ್ನು ಜೊತೆಗೆ ತಂದಿದ್ದರು. ಹುಣ್ಣಿಮೆ ಕಳೆದ ನಾಲ್ಕನೇ ದಿನ ಬೆಳಗಿನಿಂದ ಉಪವಾಸ. ರಾತ್ರಿ ಚಂದ್ರ ಹುಟ್ಟಿದ ಮೇಲೆ ಅವನನ್ನು ಕಣ್ಣಾರೆ ನೋಡಿ, ಅರ್ಘ್ಯ ಕೊಟ್ಟು, ಆಮೇಲೇ ಊಟ. ಮದುವೆಯಾದ ಹೊಸದರಲ್ಲಿ ಅತ್ತೆ ನನಗೂ "ಒಂದೇ ಒಂದು ಸಂಕಷ್ಟಿ ಮಾಡಿ ನೋಡೇ" ಎಂದಿದ್ದರು. ಹನ್ನೊಂದು ಗಂಟೆಗೆ ಬಿಸ್ಕತ್ತು ಸಿಗದಿದ್ದರೆ ಕೈ ನಡುಗುವ ಜಾತಿ ನಾನು. ಹನ್ನೆರಡು ವರ್ಷಗಳಿಂದ ಏನೇನೋ ನೆಪ ಹೇಳಿ ಜಾರಿಕೊಂಡು ಬಂದಿದ್ದೇನೆ.

ಮೈಸೂರಿನಲ್ಲಿ ಚಂದ್ರ ಕ್ಯಾಲೆಂಡರಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಟೆರೇಸಿನ ಮೇಲೆ ಹಾಜರಾಗುತ್ತಿದ್ದನಂತೆ. ಇಲ್ಲಿ ಎರಡು ಸಂಕಷ್ಟಿಯಾದರೂ ಆಸಾಮಿಯ ಪತ್ತೆಯಿಲ್ಲ. ಹೊತ್ತಿನ ಲೆಕ್ಕ ನನ್ನದೇ. ಬೆಂಗಳೂರಿನ ಆಫೀಸಿನ ಜೊತೆ ನಾಲ್ಕು ವರ್ಷದಿಂದ ದಿನಾ ಮೀಟಿಂಗ್ ಮಾಡುವವಳಿಗೆ ಅಲ್ಲಿಯ ಹೊತ್ತಿಗೆ ಎರಡೂವರೆ ಗಂಟೆ ಕೂಡಿಸುವುದು ನಿದ್ದೆಯಲ್ಲೂ ಬರುತ್ತದೆ. ಜಾಗ ಗುರುತು ಮಾಡಿದ್ದೂ ನಾನೇ. ಸಂಜೆ ಹಿತ್ತಲಲ್ಲಿ ಒಗೆದ ಬಟ್ಟೆ ತೆಗೆಯುವಾಗ ಎಷ್ಟೋ ಸಲ ಎಳೆಯ ಚಂದ್ರನನ್ನು ಹಿಂದಿನ ಗಲ್ಲಿಯ ಮೇಲೆ ನೋಡಿದ್ದೆ. ಹೀಗಾಗಿ ಚಂದ್ರನ ವಾಸ ಹಿತ್ತಲ ಕಡೆಗೆ ಎಂದು ತೀರ್ಮಾನ ಮಾಡಿದ್ದೆ. ಮೊದಲ ಸಂಕಷ್ಟಿಯಂದು ಜಡಿಮಳೆ. ಎರಡನೆಯದಕ್ಕೆ ಮಳೆ ಇರಲಿಲ್ಲ, ಚಂದ್ರನೂ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ಹಿತ್ತಲಲ್ಲಿ ಕತ್ತೆತ್ತಿ ನಿಂತು ನಿಂತು ಸಾಕಾಗಿ ಒಳಗೆ ಬಂದೆವು. ಎರಡು ಸಲವೂ ಅತ್ತೆ ಊಟ ಮಾಡಲಿಲ್ಲ. ಒಂದು ಲೋಟ ಹಾಲು ಕುಡಿದು ಮಲಗಿದರು.

ಮಾರನೆಯ ಬೆಳಿಗ್ಗೆ ಅವರೇ ಮಾತು ತೆಗೆದರು.

"ನೋಡಮ್ಮ ಮಯೂರಿ, ಮುಂದಿನ ಸಂಕಷ್ಟಿ ಮಂಗಳವಾರ ಬಿದ್ದಿದೆ. ಅಂಗಾರಕ ಸಂಕಷ್ಟಿ, ದೊಡ್ಡದು. ಅವತ್ತೂ ಚಂದ್ರ ಕಾಣಿಸ್ಲಿಲ್ಲ ಅಂದ್ರೆ ನಾನು ಊರಿಗೆ ಹೊರಟುಬಿಡ್ತೀನಿ. ಕೋಪ ಮಾಡ್ಕೊಂಡು ಹೇಳ್ತಿಲ್ಲ ಕಣೇ. ಚಂದ್ರನೇ ಇಲ್ಲದ ಊರಲ್ಲಿ ನಾನಿದ್ದು ಏನ್ಮಾಡ್ಲಿ?"

ಕೋಪದಲ್ಲಿ ಹೇಳಿದ್ದರೆ ರಮಿಸಬಹುದಿತ್ತು. ಅವರು ಹುರುಳಿಕಾಯಿ ನಾರು ಬಿಡಿಸುತ್ತ, ತೀರಾ ಸಮಾಧಾನವಾಗಿ ಹೇಳಿದರು. ಅತ್ತೆ ಹೊರಟರೆ ಆಫೀಸಿನಿಂದ ಬಂದ ಕೂಡಲೇ ಸಿಗುವ ಬಿಸಿ ಸಾರು ಹೋಗುತ್ತದೆ ಎಂಬ ಸ್ವಾರ್ಥ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ನಮ್ಮ ಮಗಳು ಶ್ರೀಯಾಗೆ ಒಂಬತ್ತು ವರ್ಷ. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಅಂಥವಳು ಎರಡು ತಿಂಗಳಲ್ಲಿ "ಅಜ್ಜಿ, ಇನ್ನೊಂದ್ ದೋಸೆ ಹಾಕು" ಎನ್ನುವಷ್ಟು ಬದಲಾಗಿದ್ದಳು. ರಾತ್ರಿ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಅತ್ತೆ ಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಆಮೇಲಿನ ಭಾನುವಾರವೇ ಆ ನಾಲ್ಕು ದೋಸೆಯ ಪ್ರತಿಜ್ಞೆ.

"ಟೆಲಿಸ್ಕೋಪ್ ತಗೋತೀನಿ. ಚಂದ್ರ ಎಲ್ಲಿ ಅಡಗಿದ್ರೂ ಹಿಡೀತೀನಿ" ಎಂದೆ.

"ತಗೋ. ಒಂದೇ ಕಂಡೀಷನ್" ಎಂದರು ಭುವನ್. "ಅಮ್ಮನ ಟಿಕೆಟ್ ಬದಲಾಯಿಸೋ ಖರ್ಚಿಗಿಂತ ಕಮ್ಮಿ ಇರಲಿ."

ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ನಾನು ಸಾಫ್ಟ್‌ವೇರ್ ಟೆಸ್ಟರ್, ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕುವುದಕ್ಕೆಂದೇ ಸಂಬಳ ಪಡೆಯುವವಳು. ಇಂಥವಳು ಟೆಲಿಸ್ಕೋಪು ಆರಿಸಲು ಕುಳಿತರೆ ಹೇಗಿರಬೇಡ! ಇಪ್ಪತ್ತಮೂರು ಟೆಲಿಸ್ಕೋಪುಗಳನ್ನು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಕನ್ನಡಿಯದು, ಗಾಜಿನದು, ಮೇಜಿನ ಮೇಲೆ ಇಡುವುದು, ಮೂರು ಕಾಲಿನದು, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ವಿಮರ್ಶೆಗಳನ್ನು ಓದಿದೆ, ವಿಮರ್ಶೆಗಳ ಕೆಳಗಿನ ಜಗಳಗಳನ್ನೂ ಓದಿದೆ. ಕೈಗೆಟುಕುವ ಬೆಲೆಯ ಮೊದಲ ಟೆಲಿಸ್ಕೋಪಿನ ವಿಷಯದಲ್ಲಿ ಮನುಷ್ಯರು ಇಷ್ಟು ಕಚ್ಚಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಅರ್ಧದಷ್ಟು ಜನ "ಮೊದಲು ಒಂದು ಬೈನಾಕ್ಯುಲರ್ ಕೊಳ್ಳಿ ಸಾಕು" ಎಂದು ಬರೆದಿದ್ದರು. ಅವರೆಲ್ಲ ಜಿಪುಣರು ಎಂದು ಬದಿಗೆ ಸರಿಸಿದೆ.

ಒಂದು ಸಂಜೆ ಭುವನ್ ಹಿಂದಿನ ಬೀದಿಯಲ್ಲಿ ಪರೋಟ, ಚಹಾ ಮಾರುವ ಮಾಮಕ್ ಹೋಟೆಲಿನಿಂದ ಚಹಾ ಪಾರ್ಸೆಲ್ ಮಾಡಿಸಿಕೊಂಡು ಬಂದರು. "ಮಾಮಕ್‌ನವನು ಹೊಸ ಬೋರ್ಡ್ ಹಾಕಿದ್ದಾನೆ ನೋಡಿದ್ಯಾ? ಎತ್ತರದ ಕಂಬದ ಮೇಲೆ, ಗುಂಡಗೆ, ಒಳಗೆ ಲೈಟು" ಎಂದರು. ನಾನು ಆಗ ಎಪ್ಪತ್ತೊಂದನೇ ವಿಮರ್ಶೆಯಲ್ಲಿದ್ದೆ. ಬೋರ್ಡು ನೋಡುವಷ್ಟು ಪುರುಸೊತ್ತು ಯಾರಿಗಿತ್ತು?

ಕೊನೆಗೆ ಶನಿವಾರ ಅಂಗಡಿಗೇ ಹೋದೆವು. ಅಂಗಡಿಯಾತ ಅರವತ್ತು ದಾಟಿದ ಚೀನೀ ಅಂಕಲ್, ಮೃದು ಮನುಷ್ಯ. ಬಕೆಟಿನಂತೆ ಗುಜ್ಜಾದ, ಮೇಜಿನ ಮೇಲೆ ಕೂರುವ ಒಂದನ್ನು ತಟ್ಟಿ ತೋರಿಸಿದ.

"ಫಸ್ಟ್ ಟೈಮ್, ದಿಸ್ ಒನ್ ಗುಡ್ ಲಾ. ಬಿಗ್ ಮೌತ್. ಮೋರ್ ಲೈಟ್ ಕಮ್ ಇನ್."

ಬಾಯಿ ಅಗಲವಿದ್ದಷ್ಟೂ ಬೆಳಕು ಹೆಚ್ಚು ಒಳಗೆ ಬರುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ ಎಂದು ಪಾಪ ವಿವರವಾಗಿಯೇ ಹೇಳಿದ. ಆದರೆ ನನ್ನ ಕಣ್ಣು ಆಗಲೇ ಪಕ್ಕದ ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಉದ್ದನೆಯ, ತೆಳ್ಳನೆಯ, ಬಿಳಿಯ ಸುಂದರಾಂಗ. ಮೂರು ಕಾಲು. ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಆರುನೂರ ಎಪ್ಪತ್ತೈದು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ ಎಂದಿತ್ತು. ಬೆಲೆಯೂ ಬಕೆಟಿಗಿಂತ ಕಡಿಮೆ.

"ನಂಬರ್ ಓನ್ಲಿ. ನಂಬರ್ ಕೆನಾಟ್ ಸೀ ಮೂನ್" ಎಂದ ಅಂಕಲ್.

"ಅವನಿಗೆ ಬಕೆಟ್ ಖಾಲಿ ಮಾಡ್ಬೇಕಾಗಿದೆ ರೀ" ಎಂದು ನಾನು ಭುವನ್ ಕಿವಿಯಲ್ಲಿ ಪಿಸುಗುಟ್ಟಿದೆ. ಇಪ್ಪತ್ತಮೂರು ಸಾಲಿನ ಎಕ್ಸೆಲ್ ಹಾಳೆಯನ್ನು ಬದಿಗಿಟ್ಟು, ಅದರಲ್ಲಿ ಇಲ್ಲವೇ ಇಲ್ಲದ ಇಪ್ಪತ್ತನಾಲ್ಕನೆಯದನ್ನು ಹೊತ್ತುಕೊಂಡು ಮನೆಗೆ ಬಂದೆ.

ಅತ್ತೆ ಪೆಟ್ಟಿಗೆಯನ್ನು ಸುತ್ತ ಬಂದು ನೋಡಿದರು. "ಈ ದುರ್ಬೀನಲ್ಲಿ ಮೋಡದ ಹಿಂದೆ ಇದ್ರೂ ಕಾಣಿಸ್ತಾನೇನೇ?"

ಎಪ್ಪತ್ತೊಂದು ವಿಮರ್ಶೆಗಳಲ್ಲಿ ಒಬ್ಬರೂ ಮೋಡದ ಸುದ್ದಿ ಎತ್ತಿರಲಿಲ್ಲ. "ಆರುನೂರ ಎಪ್ಪತ್ತೈದು ಪಟ್ಟು ಅತ್ತೆ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದೆ.

ಮಂಗಳವಾರ ಬಂತು. ನಾನು ಅಂದು ಮನೆಯಿಂದಲೇ ಕೆಲಸ. ಬೆಳಿಗ್ಗೆ ಎದ್ದವಳೇ ಟೆಲಿಸ್ಕೋಪಿನ ಪೆಟ್ಟಿಗೆ ಬಿಚ್ಚಿದೆ. ತಿಂಡಿ ಆಮೇಲೆ ತಿಂದರಾಯಿತು ಎಂದುಕೊಂಡೆ. ನಡುವೆ ಆಫೀಸಿನ ಮೀಟಿಂಗುಗಳು ಬಂದವು. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಸರಿಯಾಗಿ ಒಂದು ಸ್ಕ್ರೂ ಸೋಫಾದ ಕೆಳಗೆ ಉರುಳಿತು. ಅದನ್ನು ಹುಡುಕುವಷ್ಟರಲ್ಲಿ ಇನ್ನೊಂದು ಮೀಟಿಂಗು. ಸಂಜೆ ಐದಕ್ಕೆ ಮಳೆ ಶುರುವಾದಾಗ ನನ್ನ ಗಂಟಲಲ್ಲಿ ನೀರೂ ಇಳಿಯಲಿಲ್ಲ. ಕಿಟಕಿಯ ಗ್ರಿಲ್ ಹಿಡಿದು ನಿಂತುಬಿಟ್ಟೆ. ದೇವರು ದೊಡ್ಡವನು, ಏಳೂವರೆಗೆ ಮಳೆ ನಿಂತು ಆಕಾಶ ತೊಳೆದಿಟ್ಟಂತಾಯಿತು.

ಕ್ಯಾಲೆಂಡರಿನಲ್ಲಿ ಚಂದ್ರೋದಯ ಒಂಬತ್ತು ಗಂಟೆ ಎಂಟು ನಿಮಿಷ ಎಂದಿತ್ತು. ನನ್ನ ಲೆಕ್ಕಕ್ಕೆ ಇಲ್ಲಿ ಹನ್ನೊಂದು ಮೂವತ್ತೆಂಟು. ಒಂಬತ್ತಕ್ಕೇ ನಾನು ಹಿತ್ತಲು ಸೇರಿದೆ. ನಮ್ಮದು ಸಾಲುಮನೆ. ಹಿತ್ತಲು ಎಂದರೆ ಬಟ್ಟೆ ಒಣಹಾಕುವ ಎರಡು ತಂತಿ, ಒಂದು ತುಳಸಿ ಕುಂಡ, ನಾಲ್ಕು ಜನ ಒತ್ತಿ ನಿಲ್ಲುವಷ್ಟು ಸಿಮೆಂಟು ನೆಲ. ಅಲ್ಲಿ ನಮ್ಮ ಸುಂದರಾಂಗನ ನಿಜರೂಪ ಬಯಲಾಯಿತು. ಮೂರು ಕಾಲೂ ಕಡ್ಡಿಯಷ್ಟು ತೆಳು. ನಾನು ಉಸಿರು ಬಿಟ್ಟರೆ ಅದು ನಡುಗುತ್ತಿತ್ತು. ಸೊಳ್ಳೆ ಹೊಡೆದುಕೊಂಡರೆ ಎರಡು ನಿಮಿಷ ತೂಗುತ್ತಿತ್ತು. ಕೊನೆಗೆ ಅದರ ಕಾಲುಗಳನ್ನು ಭುವನ್ ಅವರ ಹಳೆಯ ಲುಂಗಿಯಿಂದ ಬಟ್ಟೆಯ ಕಂಬಕ್ಕೆ ಕಟ್ಟಿಹಾಕಿದೆ. ಮೊಣಕೈಯಂತೆ ಬಾಗಿದ ಒಂದು ತುಂಡು ಪೆಟ್ಟಿಗೆಯಲ್ಲೇ ಉಳಿದಿತ್ತು. ಕಂಪನಿಯವರು ಹೆಚ್ಚಿಗೆ ಒಂದು ಕೊಟ್ಟಿರಬೇಕು ಎಂದು ಸುಮ್ಮನಾದೆ.

"ಏನಾದ್ರೂ ತಿಂದ್ಯೇನೇ?" ಎಂದು ಅತ್ತೆ ಒಳಗಿನಿಂದ ಕೇಳಿದರು.

"ಆಮೇಲೆ ಅತ್ತೆ" ಎಂದೆ. ಬೆಳಗಿನಿಂದ ಅವರು ಅದನ್ನು ಐದನೇ ಸಲ ಕೇಳಿದ್ದು, ನಾನು ಐದನೇ ಸಲ ಅದೇ ಉತ್ತರ ಕೊಟ್ಟಿದ್ದು.

ಹತ್ತೂವರೆಯ ಹೊತ್ತಿಗೆ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು. ಏನೋ ಹೇಳಲು ಬಾಯಿ ತೆಗೆದರು. ನಾನು ಕೈ ಅಡ್ಡ ಮಾಡಿದೆ. "ಅತ್ತೆ, ಇನ್ನೂ ಒಂದು ಗಂಟೆ ಇದೆ. ನೀವು ಒಳಗೆ ಕೂತಿರಿ. ಹಸಿದ ಹೊಟ್ಟೇಲಿ ನಿಂತ್ಕೋಬೇಡಿ. ಎಲ್ಲ ನಾನು ನೋಡ್ಕೋತೀನಿ." ಅವರು ನನ್ನ ಮುಖವನ್ನೂ ಲುಂಗಿಯನ್ನೂ ನೋಡಿ ಒಳಗೆ ಹೋದರು.

ಹನ್ನೊಂದು ಮೂವತ್ತೆಂಟು. ಆಕಾಶದ ಆ ಭಾಗದಲ್ಲಿ ಒಂದೆರಡು ನಕ್ಷತ್ರ ಬಿಟ್ಟರೆ ಏನೂ ಇಲ್ಲ. ಇವತ್ತೂ ಇಲ್ಲದಿದ್ದರೆ ನಾಳೆ ಟಿಕೆಟ್. ಹಿಂದಿನ ಗಲ್ಲಿಯ ಆಚೆ ಒಂದು ರಂಬುಟಾನ್ ಮರ ಇದೆ. ಅದರ ಎಲೆಗಳ ಸಂದಿಯಲ್ಲಿ ಹಳದಿ ಬೆಳಕು ಸ್ವಲ್ಪ ಸೋರುತ್ತಿರುವುದು ಆಗ ಕಾಣಿಸಿತು. ಅಯ್ಯೋ ಕಳ್ಳ, ಮರದ ಹಿಂದೆ ಅಡಗಿದ್ದೀಯಾ! ಟೆಲಿಸ್ಕೋಪನ್ನು ಅತ್ತ ತಿರುಗಿಸಿದೆ. ಉಸಿರು ಬಿಗಿಹಿಡಿದು ಕಣ್ಣಿಟ್ಟೆ.

ಗುಂಡಗೆ, ತುಂಬಿಕೊಂಡು, ಬೆಣ್ಣೆಯ ಬಣ್ಣ. ಅಂಚು ಸ್ವಲ್ಪ ಮಂಜು ಮಂಜು. ನಡುವೆ ಕಪ್ಪು ಕಪ್ಪು ಕಲೆಗಳು, ಅತ್ತೆ ಶ್ರೀಯಾಗೆ ಕಥೆ ಹೇಳುವಾಗ ಬರುವ ಚಂದ್ರನ ಮೊಲವೇ ಇರಬೇಕು. ನನ್ನ ಕಣ್ಣಲ್ಲಿ ನೀರು ಬಂತು. ಸಿಕ್ಕಿದ ಸಂತೋಷಕ್ಕೆ ಬಂತು, ನಾಚಿಕೆ ಏಕೆ.

"ಅತ್ತೆ, ಬನ್ನಿ! ಸಿಕ್ಕಿದ!"

ಅತ್ತೆ ಅರ್ಘ್ಯದ ತಟ್ಟೆ ಹಿಡಿದು ಬಂದರು. ಹಿಂದೆ ಭುವನ್, ಅವರ ಹಿಂದೆ ಇನ್ನೂ ಮಲಗದ ಶ್ರೀಯಾ. ಅತ್ತೆ ಬಾಗಿ ಕೊಳವೆಯಲ್ಲಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ತಲೆ ಎತ್ತಿ ನನ್ನ ಮುಖ ನೋಡಿದರು. ಮತ್ತೆ ಕೊಳವೆಯಲ್ಲಿ ನೋಡಿದರು.

"ಕಂಡ್ನಾ ಅತ್ತೆ?"

"ಕಂಡ ಕಣೇ" ಎಂದರು. ಆಮೇಲೆ ನಿಧಾನವಾಗಿ ಮಂತ್ರ ಹೇಳುತ್ತ ಒಂದು ಚಮಚ ಹಾಲನ್ನು ರಂಬುಟಾನ್ ಮರದ ಕಡೆಗೆ ಬಿಟ್ಟು ಕೈ ಮುಗಿದರು. ನಾನೂ ಕೈ ಮುಗಿದೆ. ಭುವನ್ ಕಡೆ ನೋಡಿ ಒಮ್ಮೆ ಹುಬ್ಬು ಹಾರಿಸಿದೆ. ಪಾಸ್‌ಪೋರ್ಟ್ ಬದಲಾಯಿಸಬೇಕಂತೆ ಪಾಸ್‌ಪೋರ್ಟು!

"ಮಿ ಆಲ್ಸೋ" ಎಂದು ಶ್ರೀಯಾ ನುಗ್ಗಿ ಬಂದಳು. ಕಣ್ಣಿಟ್ಟು, ನಾನು ಬೆಳಗಿನಿಂದ ಮುಟ್ಟಲು ಹೆದರುತ್ತಿದ್ದ ತಿರುಪನ್ನು ಸಲೀಸಾಗಿ ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ತಲೆಯನ್ನು ಪೂರ್ತಿ ಓರೆ ಮಾಡಿ, ಇನ್ನೂ ಓರೆ ಮಾಡಿ, ಹೆಚ್ಚು ಕಡಿಮೆ ತಲೆಕೆಳಗಾಗಿ ನಿಂತಳು.

"ಅಮ್ಮಾ, ವೈ ಈಸ್ ದಿ ಮೂನ್ ಸೇಯಿಂಗ್ ರೋಟಿ ಚನಾಯ್?"

"ಏನಂದೆ?"

"ರೋಟಿ ಚನಾಯ್. ಅಪ್‌ಸೈಡ್ ಡೌನ್. ಕೆಳಗೆ ತೆಹ್ ತಾರಿಕ್ ಕೂಡ ಇದೆ."

ಮೂರು ವಾಕ್ಯದಲ್ಲಿ ಒಂದು ಕನ್ನಡದಲ್ಲಿ ಬಂದದ್ದನ್ನು ಸಂಭ್ರಮಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಣ್ಣಿಟ್ಟು ನೋಡಿದೆ. ನನ್ನ ಮೊಲದ ಕಿವಿ ಬಾಲಗಳೆಲ್ಲ ಈಗ ಸ್ಪಷ್ಟವಾದ ಅಕ್ಷರಗಳಾಗಿದ್ದವು. ಇಲ್ಲಿಯ ಪರೋಟ, ಇಲ್ಲಿಯ ಚಹಾ: ಮಾಮಕ್‌ನ ಹೊಸ ಬೋರ್ಡು. ಪೆಟ್ಟಿಗೆಯಲ್ಲಿ ಉಳಿದ ಮೊಣಕೈ ತುಂಡು ಹಾಕಿದ್ದರೆ ಅಕ್ಷರ ತಲೆಕೆಳಗಾಗುತ್ತಿರಲಿಲ್ಲವಂತೆ, ಅದು ಆಮೇಲೆ ತಿಳಿಯಿತು. ಭುವನ್ ತುಳಸಿ ಕುಂಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡಿದ್ದರು. ನಗು ಬಂದಾಗ ಅವರಿಗೆ ಸದ್ದು ಬರುವುದಿಲ್ಲ, ಭುಜ ಮಾತ್ರ ಕುಣಿಯುತ್ತದೆ.

ನನಗೆ ನಗು ಬರಲಿಲ್ಲ. ನಲವತ್ತು ವರ್ಷದ ವ್ರತವನ್ನು ನಾನು ಒಂದು ಪರೋಟ ಅಂಗಡಿಯ ದೀಪಕ್ಕೆ ಅರ್ಪಿಸಿದ್ದೆ. ಅದೂ ಅಂಗಾರಕ ಸಂಕಷ್ಟಿಯಂದು.

"ಅತ್ತೆ, ತಪ್ಪಾಯ್ತು. ನನ್ನಿಂದ ನಿಮಗೆ ಇವತ್ತೂ ಊಟ ಇಲ್ಲ. ಊರಿಗೆ ಹೋಗ್ಬೇಡಿ ಅಂತ ಹೇಳೋ ಮುಖ ನನಗಿಲ್ಲ. ಆದ್ರೂ ಹೇಳ್ತೀನಿ, ಹೋಗ್ಬೇಡಿ" ಎಂದೆ. ಕಣ್ಣೊರೆಸಿಕೊಂಡೆ.

"ಅಳ್ಬೇಡ್ವೇ. ಬಾ ಇಲ್ಲಿ" ಎಂದು ಅತ್ತೆ ನನ್ನ ಕೈ ಹಿಡಿದು ಮನೆಯ ಒಳಗಿಂದ ನಡೆಸಿಕೊಂಡು ಮುಂಬಾಗಿಲಿಗೆ ಕರೆತಂದರು. ಬಾಗಿಲು ತೆರೆದಿತ್ತು. ಗೇಟಿನ ಆಚೆ, ಎದುರು ಮನೆಯ ಸೂರಿನ ಮೇಲೆ, ಒಂದು ಕಡೆ ತುಸು ಸವೆದ ಚಂದ್ರ ಯಾವ ಟೆಲಿಸ್ಕೋಪಿನ ಹಂಗೂ ಇಲ್ಲದೆ ನಿಂತಿದ್ದ. ಹೊಸಿಲಿನ ಪಕ್ಕ ಅರ್ಘ್ಯದ ಹಾಲಿನ ಗುರುತು ಒಣಗಿತ್ತು.

"ಅತ್ತೆ, ಇದು..."

"ಗೇಟಿಗೆ ಬೀಗ ಹಾಕೋಣ ಅಂತ ಬಂದೆ. ಹತ್ತೂ ಕಾಲಿಗೇ ಬಂದು ನಿಂತಿದ್ದ" ಎಂದರು ಅತ್ತೆ. "ದಿನಾ ಬೆಳಿಗ್ಗೆ ಇಲ್ಲಿ ರಂಗೋಲಿ ಹಾಕುವಾಗ ಸೂರ್ಯ ನನ್ನ ಮುಖಕ್ಕೇ ಹೊಡೀತಾನೆ. ಚಂದ್ರ ಬೇರೆ ದಿಕ್ಕಲ್ಲಿ ಹುಟ್ತಾನೇನೇ? ನೀನು ಓದಿದವಳು ಹಿತ್ತಲು ಅಂದೆ, ನಾನೂ ಹಿತ್ತಲು ಅಂದ್ಕೊಂಡೆ."

"ಆದ್ರೆ ಟೈಮು? ಹನ್ನೊಂದು ಮೂವತ್ತೆಂಟು ಅಲ್ವಾ?"

"ಅವನೇನು ನಿಮ್ಮ ಬೆಂಗಳೂರು ಆಫೀಸಿನ ಮೀಟಿಂಗೇ, ಅಲ್ಲೂ ಇಲ್ಲೂ ಒಂದೇ ಸಲ ಶುರುವಾಗೋಕೆ? ಮೊದಲು ಇಲ್ಲಿ ಹುಟ್ತಾನೆ, ಆಮೇಲೆ ಅಲ್ಲಿಗೆ ಹೋಗ್ತಾನೆ. ಎರಡೂವರೆ ಗಂಟೆ ಕೂಡಿಸಿ ಕೂಡಿಸಿ ಎರಡು ತಿಂಗಳು ನನ್ನನ್ನ ಉಪವಾಸ ಕೆಡವಿದೆ."

ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವವಳು ತಲೆ ತಗ್ಗಿಸಿ ನಿಂತೆ. ಒಂದು ಪ್ರಶ್ನೆ ಮಾತ್ರ ಉಳಿದಿತ್ತು.

"ಹಾಗಾದ್ರೆ ಆಗ್ಲೇ ಹತ್ತೂ ಕಾಲಿಗೆ ಚಂದ್ರನ್ನ ನೋಡಿದ್ರಿ. ಮತ್ತೆ ಆ ಬೋರ್ಡಿಗೆ ಯಾಕೆ ಅರ್ಘ್ಯ ಕೊಟ್ರಿ?"

"ಹೇಳೋಣ ಅಂತ ಹಿತ್ತಲಿಗೆ ಬಂದೆನಲ್ಲ. ನೀನು ಬಾಯಿ ತೆಗೆಯೋಕೇ ಬಿಡಲಿಲ್ಲ. ಆಮೇಲೆ ಅಷ್ಟು ಖುಷಿಯಿಂದ ಕರೆದೆ, ಕಣ್ಣಲ್ಲಿ ನೀರು ಬೇರೆ. ಒಂದು ಚಮಚ ಹಾಲು ತಾನೇ, ಹೋಗ್ಲಿ ಬಿಡು ಅಂದ್ಕೊಂಡೆ."

"ಟಿಕೆಟ್ಟು?"

"ಯಾವ ಟಿಕೆಟ್ಟು? ಚಂದ್ರ ಇರೋ ಊರೇ ಆಯ್ತಲ್ಲ. ಇರ್ತೀನಿ. ಆದ್ರೆ ಇನ್ಮೇಲೆ ಹೊತ್ತು ನೋಡೋಳು ನಾನು."

ಶ್ರೀಯಾ ಅಜ್ಜಿಯ ಸೊಂಟ ತಬ್ಬಿಕೊಂಡಳು. ನನಗೆ ಮನಸ್ಸು ಹಗುರಾಯಿತು.

"ನಡೀರಿ ಅತ್ತೆ, ಮೊದಲು ನಿಮಗೆ ಊಟ ಬಡಿಸ್ತೀನಿ. ಬೆಳಗಿನಿಂದ ಖಾಲಿ ಹೊಟ್ಟೆ."

"ನಂದು ಹನ್ನೊಂದರೊಳಗೇ ಆಯ್ತು. ಎರಡು ಕಡುಬು, ಅನ್ನ, ಸಾರು, ಮಜ್ಜಿಗೆ" ಎಂದರು ಅತ್ತೆ. ನನ್ನ ನಡುಗುವ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ತಿರುಗಿಸಿದರು. "ಈ ಮನೇಲಿ ಬೆಳಗಿನಿಂದ ಹನಿ ನೀರಿಲ್ಲದೆ, ಚಂದ್ರನ್ನ ನೋಡೋವರೆಗೂ ಕಟ್ಟುನಿಟ್ಟಾಗಿ ಅಂಗಾರಕ ಸಂಕಷ್ಟಿ ಮಾಡಿದೋಳು ನೀನೊಬ್ಬಳೇ ಕಣೇ. ಹನ್ನೆರಡು ವರ್ಷ ಹೇಳಿ ಹೇಳಿ ಸಾಕಾಗಿತ್ತು. ಬಾ, ಕಡುಬು ಎತ್ತಿಟ್ಟಿದ್ದೀನಿ."